ಬಾಗಿಲ ಸುದ್ದಿ ಮೊದ್ಲು ಮನೇಲಿರೋಳಿಗೆ ಬರ್ಲಿ

ನಮ್ಮ ಕಟ್ಟೆಮಳಲವಾಡಿ ಕಡೆ ಹೊಸದಾಗಿ ಮನೆ ಕಟ್ಟಿಸ್ದೋರ ಮುಂಬಾಗಿಲಲ್ಲಿ ಅಲ್ಲೊಂದು ಇಲ್ಲೊಂದು ಸ್ಮಾರ್ಟ್ ಲಾಕ್ ಕಾಣೋಕೆ ಶುರುವಾಗದೆ. ಬೆಂಗಳೂರಲ್ಲಿರೋ ಮಗನೋ, ಮೈಸೂರಲ್ಲಿರೋ ಅಳಿಯನೋ ತಂದು ಹಾಕ್ಸಿರ್ತಾನೆ. ಬೆರಳು ಮಡಗುದ್ರೆ ತೆಗೀತದೆ, ನಂಬರ್ ಒತ್ತಿದ್ರೆ ತೆಗೀತದೆ, ಬೀಗದ ಕೈ ಸೊಂಟಕ್ಕೆ ಸಿಕ್ಕುಸ್ಕಂಡು ಓಡಾಡೋ ಕಾಟ ಇಲ್ಲ. ಸರಿ, ಅವರವರ ಮನೆ, ಅವರವರ ದುಡ್ಡು. ಈಗ ಜಗಳ ಎದ್ದಿರೋದು ಅದರ ಮುಂದಿನ ಮಾತಿಗೆ. ಆ ಬೀಗದ ಜೊತೆಗೆ ಬಾಗಿಲಿಗೊಂದು ಸೆನ್ಸರ್ ಬೇಕಾ, ಬೇಡ್ವಾ?

ಗಂಡಸರು ಕೂತ್ಕಂಡು ಈ ಮಾತಾಡೋವಾಗ ಎರಡೇ ಪಕ್ಷ. ಹಿರೀಕರು "ಅಷ್ಟು ಸಾವಿರ ಕೊಟ್ಟು ಬೀಗ ಹಾಕ್ಸಿ ಆಗದೆ, ಮತ್ತೆ ಅದಕ್ಕೊಂದು ಸೆನ್ಸರ್ ಯಾಕ್ಲಾ, ದುಡ್ಡು ದಂಡ" ಅಂತಾರೆ. ಹೈಕ್ಳು "ಹಾಕ್ಸಣ ಅಪ್ಪಾಜಿ, ಬಾಗಿಲು ತೆಗುದ್ರೆ ಮುಚ್ಚುದ್ರೆ ನನ್ನ ಫೋನಿಗೆ ಬತ್ತದೆ, ನಾನು ಅಲ್ಲಿಂದ್ಲೇ ನೋಡ್ಕತೀನಿ" ಅಂತಾರೆ. ದಿನಾ ಬೆಳಗೆದ್ದು ಆ ಬಾಗಿಲು ತೆಗ್ದು, ಹೊಸ್ಲು ತೊಳ್ದು, ರಂಗೋಲಿ ಬುಡೋಳನ್ನ ಮಾತ್ರ ಯಾರೂ ಕೇಳಲ್ಲ. ಅದಕ್ಕೇ ಇದನ್ನ ಬರೀತಿರೋದು. ನನ್ನ ಪ್ರಕಾರ ಇಬ್ರ ಮಾತೂ ಸರಿಯಿಲ್ಲ. ಸ್ಮಾರ್ಟ್ ಲಾಕ್ ಹಾಕ್ಸಿದ್ಮೇಲೆ ಸೆನ್ಸರ್ ಬೇಕೇ ಬೇಕು, ಅದಿಲ್ಲ ಅಂದ್ರೆ ಆ ಬೀಗ ಸುಳ್ಳು ಹೇಳ್ತದೆ. ಆದ್ರೆ ಸೆನ್ಸರ್ ತರೋ ಸುದ್ದಿ ಹೋಗ್ಬೇಕಾದ್ದು ಬೆಂಗಳೂರಿಗಲ್ಲ, ಆ ಬಾಗಿಲ ಒಳಗಿರೋಳಿಗೆ.

ಮೊದ್ಲು ಸುಳ್ಳಿನ ವಿಚಾರ. ಈ ಬೀಗಕ್ಕೆ ಗೊತ್ತಿರೋದು ತನ್ನ ನಾಲಿಗೆ ಒಂದೇ. ಒಳಗೊಂದು ಪುಟ್ಟ ಮೋಟಾರು ಅದೆ, ಅದು ತಿರುಗಿ ನಾಲಿಗೇನ ಹೊರಕ್ಕೆ ತಳ್ತದೆ, ಇಲ್ಲಾ ಒಳಕ್ಕೆ ಎಳ್ಕತದೆ. ನಾಲಿಗೆ ಹೊರಗಿದ್ರೆ ಫೋನಲ್ಲಿ "ಲಾಕ್ ಆಗಿದೆ" ಅಂತ ಬತ್ತದೆ. ಆ ನಾಲಿಗೆ ಬಾಗಿಲುವಾಡದ ತೂತಿನೊಳಕ್ಕೆ ಹೋಗಿ ಕೂತದೋ, ಬರೀ ಗಾಳೀಲಿ ಚಾಚ್ಕಂಡು ನಿಂತದೋ, ಅದರ ಅರಿವು ಬೀಗಕ್ಕಿಲ್ಲ. ತಾನೇ ಲಾಕ್ ಆಗೋ ಹಂಗೆ ಮಾಡ್ಸಿರ್ತಾರೆ ನೋಡಿ, ಮೂವತ್ತು ಸೆಕೆಂಡೋ ಒಂದು ನಿಮಿಷವೋ ಕಳದ್ರೆ ಸಾಕು, ಬಾಗಿಲು ನಾಲ್ಕು ಬೆರಳು ತೆರೆದಿದ್ರೂ ನಾಲಿಗೆ ಹೊರಕ್ಕೆ ಬಂದ್ಬುಡ್ತದೆ. ಕಾಲೊರಸೋ ಮ್ಯಾಟು ಮಡಚ್ಕಂಡಿರ್ತದೆ, ಇಲ್ಲಾ ಮೊಮ್ಮಗೀನ ಚಪ್ಲಿ ಸಂದೀಲಿ ಸಿಕ್ಕಂಡಿರ್ತದೆ. ಬಾಗಿಲು ತೆರೆದೇ ಅದೆ, ಫೋನಲ್ಲಿ ಮಾತ್ರ ಬೀಗ ಬಿದ್ದದೆ.

ನಮ್ಮೂರಿನ ಹೆಸರಲ್ಲೇ ಕಟ್ಟೆ ಅದೆ. ಲಕ್ಷ್ಮಣತೀರ್ಥಕ್ಕೆ ಕಟ್ಟಿರೋ ಕಟ್ಟೆ, ಅದರ ನಾಲೆ, ನಾಲೆಯ ತೂಬು ನೋಡ್ಕಂಡೇ ಬೆಳೆದೋರು ನಾವು. ತೂಬಿನ ಚಕ್ರ ತಿರುಗ್ಸಿದ್ರೆ ನೀರು ನಿಂತೋಯ್ತು ಅಂತ ಅರ್ಥವಾ? ಹಲಗೆ ಕೆಳಗೆ ಒಂದು ಮರದ ತುಂಡು ಸಿಕ್ಕಂಡಿದ್ರೆ, ಚಕ್ರ ಎಷ್ಟು ತಿರುಗಿದ್ರೂ ರಾತ್ರಿಯೆಲ್ಲಾ ನೀರು ಹರೀತಾನೇ ಇರ್ತದೆ. ನೀರುಗಂಟಿ ಆದೋನು ಚಕ್ರ ನೋಡಿ ಮನೇಗೆ ಹೋಗಲ್ಲ, ಕೆಳಕ್ಕೆ ಬಂದು ಕಾಲುವೆ ನೋಡ್ತಾನೆ. ಸೆನ್ಸರ್ ಮಾಡೋದು ಆ ನೀರುಗಂಟಿ ಕೆಲಸ.

ಅದೇನು ದೊಡ್ಡ ಮಾಯೆ ಅಲ್ಲ. ಎರಡು ಪುಟ್ಟ ತುಂಡು, ಒಂದು ಬಾಗಿಲಿಗೆ, ಇನ್ನೊಂದು ಬಾಗಿಲುವಾಡಕ್ಕೆ. ಒಂದರಲ್ಲಿ ಆಯಸ್ಕಾಂತ ಇರ್ತದೆ. ಇನ್ನೊಂದರಲ್ಲಿ ಸಾಮಾನ್ಯವಾಗಿ ಗಾಜಿನ ಸಣ್ಣ ನಳಿಕೆ, ಅದರೊಳಗೆ ಎರಡು ತೆಳ್ಳಗಿನ ಲೋಹದ ಎಸಳು. ಆಯಸ್ಕಾಂತ ಹತ್ರ ಬಂದ್ರೆ ಎಸಳು ಕೂಡ್ಕತವೆ, ದೂರ ಹೋದ್ರೆ ಬುಟ್ಕತವೆ. ಅಷ್ಟೇ. ರೀಡ್ ಸ್ವಿಚ್ ಅಂತಾರೆ ಅದಕ್ಕೆ. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೇಲಿ ವಾಲ್ಟರ್ ಎಲ್ವುಡ್ ಅನ್ನೋರು 1936ರಲ್ಲಿ ಮಾಡಿದ್ದು, ಅಂದ್ರೆ ನಮ್ಮಜ್ಜಿ ಕಾಲದ ವಸ್ತು. ಇದನ್ನ ಬೀಗದ ಜೊತೆ ಸೇರಿಸಿದ್ರೆ ಬಾಗಿಲು ಬಂದು ವಾಡಕ್ಕೆ ಕೂತ ಮೇಲೇ ಬೀಗ ತನ್ನ ಎಣಿಕೆ ಶುರು ಮಾಡ್ತದೆ. ಕೂರದಿದ್ರೆ ನಾಲಿಗೆ ಚಾಚಲ್ಲ, "ಬಾಗಿಲು ತೆರೆದಿದೆ" ಅಂತ ಕೂಗ್ತದೆ.

ಹಿರೀಕರು ದುಡ್ಡು ದಂಡ ಅಂತಾರಲ್ಲ, ಅವರಿಗೆ ನಂದೊಂದು ಪ್ರಶ್ನೆ. ಬಸ್ಸಿಗೆ ಹೊರಟಾಗ ಮನೇಗೆ ಬೀಗ ಹಾಕಿ ಸುಮ್ನೆ ಬಂದ್ಬುಡ್ತೀರಾ? ಇಲ್ಲ. ಬೀಗ ಒತ್ತಿ, ಒಂದ್ಸಲ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ಅನುಮಾನ ಬಂದು ವಾಪಸ್ ಬಂದು ಇನ್ನೊಂದ್ಸಲ ಜಗ್ಗಿ, ಆಮೇಲೆ ಹೊರಡ್ತೀರಿ. ಆ ಜಗ್ಗೋ ಕೈಯೇ ಸೆನ್ಸರ್. 1897ರಲ್ಲಿ ಅರ್ದೇಶಿರ್ ಗೋದ್ರೇಜ್ ಬಾಂಬೆಯಲ್ಲಿ ಬೀಗ ಮಾಡೋಕೆ ಕೂತ ಕಾಲದಿಂದ್ಲೂ ನಮ್ಮ ಜನ ಬೀಗ ನಂಬಿದ್ದು ಅದರ ಕಂಪನಿ ಹೆಸರಿನಿಂದ ಅರ್ಧ, ತಮ್ಮ ಕೈ ಜಗ್ಗಿದ್ದರಿಂದ ಅರ್ಧ. ಸ್ಮಾರ್ಟ್ ಲಾಕ್ ಬಂದು ಆ ಜಗ್ಗೋ ಕೆಲಸಾನೇ ಕಿತ್ಕಂತು, "ನೀವು ಹೋಗಿ, ನಾನೇ ಹಾಕ್ಕತೀನಿ" ಅಂತು. ಹಾಕ್ಕಳ್ಳಿ, ಆದ್ರೆ ಜಗ್ಗಿ ನೋಡೋ ಕೈಯೂ ಅದಕ್ಕಿರ್ಬೇಕು ತಾನೆ? ಹತ್ತು ಹದಿನೈದು ಸಾವಿರದ ಬೀಗಕ್ಕೆ ಒಪ್ಪಿದೋರು ಅದರಲ್ಲಿ ಹತ್ತರಲ್ಲೊಂದು ಪಾಲಿನ ಸಾಮಾನಿಗೆ ಮುಖ ಸಿಂಡರಿಸ್ತಾರೆ. ಬೀಗದ ದುಡ್ಡು ನೆಂಟರಿಗೆ ಕಾಣ್ತದೆ, ಸೆನ್ಸರ್ ದುಡ್ಡು ಕಾಣಲ್ಲ, ಅಷ್ಟೇ ವ್ಯತ್ಯಾಸ.

ಅಂಗಡಿಯವರೂ ಇದನ್ನ ಬುಡುಸಿ ಹೇಳಲ್ಲ. ಕೆಲವು ಬೀಗದಲ್ಲಿ ಈ ಗ್ಯಾನ ಒಳಗೇ ಇರ್ತದೆ. ದೊಡ್ಡ ನಾಲಿಗೆ ಪಕ್ಕದಲ್ಲಿ ಇನ್ನೊಂದು ಗುಬ್ಬಿ ಕೊಕ್ಕಿನಂಥ ಸಣ್ಣ ನಾಲಿಗೆ ಇರ್ತದೆ, ಬಾಗಿಲುವಾಡ ಅದನ್ನ ಒತ್ತಿದ್ರೇನೇ ದೊಡ್ಡದು ಹೊರಕ್ಕೆ ಬರೋದು. ಅಂಥ ಬೀಗಕ್ಕೆ ಬೇರೆ ಸೆನ್ಸರ್ ಬೇಕಾಗಿಲ್ಲದೇ ಇರಬಹುದು. ಇನ್ನು ಕೆಲವಕ್ಕೆ ಬೇರೆ ಕೊಳ್ಳಬೇಕು, ಅದೂ ಅದೇ ಕಂಪನೀದೇ ಆಗಿರ್ಬೇಕು. ಬೇರೆಯವರದ್ದು ತಂದ್ರೆ ಇಬ್ರೂ ಮಾತಾಡದ ಓರಗಿತ್ತೀರ ಹಂಗೆ ಒಂದೇ ಬಾಗಿಲಲ್ಲಿದ್ದು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲ್ಲ. ಯಾವುದು ಅಂತ ತಿಳಿಯೋಕೆ ಇಂಜಿನಿಯರ್ ಮಗ ಬೇಕಾಗಿಲ್ಲ. ಬಾಗಿಲನ್ನ ಅರ್ಧ ತೆರೆದು ಬುಟ್ಟು ಎರಡು ನಿಮಿಷ ಕಾಯಿರಿ. ನಾಲಿಗೆ ಹೊರಕ್ಕೆ ಬಂತು, ಫೋನಲ್ಲಿ "ಲಾಕ್ ಆಗಿದೆ" ಅಂತ ಬಂತು ಅಂದ್ರೆ ನಿಮ್ಮ ಮನೇ ಬೀಗ ಸುಳ್ಳುಗಾರ ಬೀಗ. ಈಗಾಗ್ಲೇ ಹಾಕ್ಸಿರೋರು ಇವತ್ತೇ ನೋಡಿ.

ನಮ್ಮ ಬಾಗಿಲುಗಳ ಗುಣವೂ ಒಂದು ಅದೆ. ಈ ಬೀಗ ಮಾಡೋರ ತಲೇಲಿರೋದು ಫ್ಲ್ಯಾಟಿನ ಬಾಗಿಲು, ಒಂದೇ ರೆಕ್ಕೆ, ಅಳತೆಗೆ ಕುಯ್ದಂಗೆ ಇರೋದು. ನಮ್ಮ ಹಳೇ ಮನೆಗಳಲ್ಲಿ ಜೋಡಿ ಬಾಗಿಲು, ಹಲಸಿಂದೋ ತೇಗದ್ದೋ, ಒಳಗಡೆ ಅಗುಳಿ, ಮೇಲೊಂದು ಚಿಲಕ. ಆಷಾಢದ ಸೋನೆ ಹಿಡಿದ್ರೆ ಮರ ಊದ್ಕತದೆ, ಬಾಗಿಲು ತಳ್ಳೋಕೆ ಭುಜ ಕೊಡ್ಬೇಕು. ಅಂಥದ್ರಲ್ಲಿ ಸೆನ್ಸರ್ ಆಯಸ್ಕಾಂತ ಹತ್ರ ಬಂತು ಅಂತ "ಮುಚ್ಚಿದೆ" ಅಂದ್ಬುಡ್ತದೆ, ನಾಲಿಗೆ ಮಾತ್ರ ತೂತಿಗೆ ಹೋಗೋಕೆ ಆಗ್ದೆ ಮೋಟಾರು ಗೊರಗೊರ ಅಂತದೆ. ಮುಚ್ಚಿರೋದು ಬೇರೆ, ಬೀಗ ಬಿದ್ದಿರೋದು ಬೇರೆ. ಫೋನಲ್ಲಿ ಎರಡೂ ಬೇರೆ ಬೇರೆ ಬರೋ ಹಂಗೆ ಇದ್ರೆ ಮಾತ್ರ ಅದು ಪೂರಾ ಸುದ್ದಿ. ಜೋಡಿ ಬಾಗಿಲಲ್ಲಿ ಒಂದು ರೆಕ್ಕೆಗೆ ಮಾತ್ರ ಆಯಸ್ಕಾಂತ ಅಂಟ್ಸಿ ಹೋದ್ರೆ ಇನ್ನೊಂದು ರೆಕ್ಕೆ ಹಾರಾಡ್ತಿದ್ರೂ ತಿಳಿಯಲ್ಲ. ಕಬ್ಬಿಣದ ಬಾಗಿಲಾದ್ರೆ ಆಯಸ್ಕಾಂತದ ಸೆಳೆತ ಕಬ್ಬಿಣವೇ ನುಂಗ್ಕತದೆ, ಮಧ್ಯೆ ಮರದ್ದೋ ಪ್ಲಾಸ್ಟಿಕ್ಕಿಂದೋ ಒಂದು ಬಿಲ್ಲೆ ಕೊಡ್ಬೇಕು. ಮತ್ತೆ ಅಂಟು ಟೇಪು ಬೇಡ, ಸ್ಕ್ರೂ ಹಾಕ್ಸಿ. ನಮ್ಮ ಮಳೇಗೆ ಟೇಪು ನಿಲ್ಲಲ್ಲ.

ಹಿತ್ತಿಲ ಬಾಗಿಲ ವಿಚಾರಕ್ಕೆ ಬಂದ್ರೆ ನಂಗೆ ನಗಾನೇ ಬತ್ತದೆ. ಮುಂಬಾಗಿಲಿಗೆ ಹದಿನೈದು ಸಾವಿರದ ಬೀಗ, ಹಿತ್ತಿಲ ಬಾಗಿಲಿಗೆ ಹದಿನೈದು ರೂಪಾಯಿ ಚಿಲಕ! ಕಳ್ಳ ಬರೋನು ರಂಗೋಲಿ ತುಳ್ಕಂಡು ಬೆರಳು ಒತ್ತಿ ಬತ್ತಾನಾ? ಕೊಟ್ಟಿಗೆ ಕಡೆಯಿಂದ, ಬಚ್ಚಲ ಕಡೆಯಿಂದ ಬತ್ತಾನೆ. ಹಸುಗೆ ಹುಲ್ಲು ಹಾಕೋಕೆ ಹೋಗಿ, ಒಲೆ ಮೇಲೆ ಹಾಲು ಇಟ್ಟಿರೋದು ಗ್ಯಾನ ಬಂದು ಓಡ್ಬಂದು, ಚಿಲಕ ಹಾಕೋದು ಮರ್ತೋಗೋದು ಆ ಬಾಗಿಲಲ್ಲೇ. ನಾಗರಹೊಳೆ ಕಾಡಿನ ಅಂಚಿನ ತಾಲ್ಲೂಕು ನಮ್ದು. ಬೈಗಾದ್ಮೇಲೆ ಚಿರತೆ ಹಿತ್ತಿಲಿಗೆ ಬಂದು ನಾಯಿ ಎತ್ಕಂಡೋದ ಮಾತು ಹುಣಸೂರು, ಕೋಟೆ ಕಡೆ ಯಾರಿಗೂ ಹೊಸದಲ್ಲ. ನನ್ನ ಕೇಳಿದ್ರೆ ಒಂದೇ ಸೆನ್ಸರಿಗೆ ದುಡ್ಡಿರೋ ಮನೆ ಅದನ್ನ ಹಿತ್ತಿಲ ಬಾಗಿಲಿಗೆ ಹಾಕ್ಸಬೇಕು. ಅಲ್ಲಿಗೆ ಸ್ಮಾರ್ಟ್ ಲಾಕೂ ಬೇಡ, ಫೋನೂ ಬೇಡ. ತೆರೆದ್ರೆ ನಡುಮನೇಲಿ ಟಿಂಗ್ ಅನ್ನೋ ಒಂದು ಗಂಟೆ ಸಾಕು.

ಇಲ್ಲೀವರೆಗೂ ಹೇಳಿದ್ದು ಸಾಮಾನಿನ ಮಾತು. ಇನ್ನು ನಿಜವಾದ ಜಗಳಕ್ಕೆ ಬತ್ತೀನಿ.

ಬಾಗಿಲ ಸೆನ್ಸರ್ ಬರೀ ಈ ಗಳಿಗೆ ಬಾಗಿಲು ತೆರೆದದೆ ಅಂತ ಹೇಳಿ ಸುಮ್ನಾಗಲ್ಲ. ಅದರ ಆ್ಯಪಿನಲ್ಲಿ ಎಲ್ಲಾ ಸಾಲಾಗಿ ಬರೆದಿರ್ತದೆ. 5:40ಕ್ಕೆ ತೆರೀತು. 5:52ಕ್ಕೆ ಮುಚ್ಚಿತು. 6:30ಕ್ಕೆ ತೆರೀತು, ಅದು ಡೈರಿಗೆ ಹಾಲು ಹಾಕೋಕೆ. 10:15ಕ್ಕೆ, ಅದು ಸಂಘದ ಕಂತು ಕಟ್ಟೋಕೆ. ಮಧ್ಯಾಹ್ನ 2:05ಕ್ಕೆ ತೆರೆದಿದ್ದು 3:50ರವರೆಗೂ ತೆರೆದೇ ಇತ್ತು. ಅದೇನು? ಪಕ್ಕದ ಮನೆ ಅಕ್ಕ ಮೊರ ತಕ್ಕಂಡು ಬಂದು ಜಗಲಿ ಮೇಲೆ ಕೂತು ಅಕ್ಕಿ ಆರಿಸ್ತಾ ತನ್ನ ಕಷ್ಟ ಸುಖ ಹೇಳ್ಕಂಡಿದ್ದು. ಅದನ್ನ ಸೆನ್ಸರ್ ಬರ್ಕಳಲ್ಲ. ಅದು ಬರ್ಕಳೋದು "ಬಾಗಿಲು ತೆರೆದಿತ್ತು, ಒಂದು ಗಂಟೆ ನಲವತ್ತೈದು ನಿಮಿಷ" ಅಂತ. ಆಫೀಸಿನ ಕುರ್ಚೀಲಿ ಕೂತಿರೋ ಮಗನ ಫೋನು ಕುಟುಕ್ತದೆ. ಅವನು ಫೋನ್ ಮಾಡ್ತಾನೆ. "ಅವ್ವಾ, ಅಷ್ಟೊತ್ತು ಯಾಕವ್ವ ಬಾಗಿಲು ತೆರೆದಿತ್ತು? ಯಾರ್ ಬಂದಿದ್ರು?"

ಮಗ ಕೆಟ್ಟೋನಲ್ಲ. ಪ್ರೀತಿಯಿಂದ್ಲೇ ಕೇಳ್ತಾನೆ. ಅದಕ್ಕೇ ಕಷ್ಟ. ಬೈದ್ರೆ ತಿರುಗಿ ಬೈಬಹುದು, ಪ್ರೀತಿಯಿಂದ ಕೇಳಿದ್ರೆ ಏನನ್ನಣ? ಒಂದ್ಸಲ ಹೇಳ್ತಾಳೆ, ಎರಡ್ಸಲ ಹೇಳ್ತಾಳೆ. ಮೂರನೇ ಸಲ ಬಾಗಿಲು ಮುಚ್ಚಿ ಒಳಗೆ ಕೂತ್ಕತಾಳೆ. ನನಗೆ ಗೊತ್ತಿರೋ ಒಂದು ಮನೇಲಿ ನಡೆದಿರೋದೇ ಇದು, ಯಾರ ಮನೆ ಅಂತ ಕೇಳ್ಬೇಡಿ. ಆಯಮ್ಮ ಮೊದ್ಲು ಹಗಲೆಲ್ಲಾ ಜಗಲೀಲೇ ಇರೋರು, ಬೀದೀಲಿ ಹೋಗೋ ಬರೋ ಹೆಂಗಸರೆಲ್ಲಾ ಒಂದು ಗಳಿಗೆ ನಿಂತು ಮಾತಾಡಿ ಹೋಗೋರು. ಈಗ ಬಾಗಿಲು ಮುಚ್ಚಿರ್ತದೆ. "ಯಾಕಮ್ಮ, ಹುಷಾರಿಲ್ವಾ" ಅಂದ್ರೆ "ಅದು ಕೂಗ್ಕತದೆ ಕಣವ್ವ, ಹುಡುಗ ಅಲ್ಲಿ ಗಾಬರಿ ಮಾಡ್ಕತಾನೆ" ಅಂತಾರೆ. ಕಳ್ಳ ಬರ್ದಂಗೆ ಕಾಯೋಕೆ ಹಾಕ್ಸಿದ್ದು, ನೆರೆಮನೆಯೋರು ಬರ್ದಂಗೆ ಕಾಯ್ತಾ ಅದೆ. ಒಂಟಿ ಹೆಂಗಸಿಗೆ ಹಗಲು ಹೊತ್ತು ಕಾವಲು ಅಂದ್ರೆ ಆ ತೆರೆದ ಬಾಗಿಲೇ ಅಲ್ವಾ? ಬಾಗಿಲು ತೆರೆದಿದ್ರೆ ತಾನೆ ಅವಳು ಬಿದ್ರೆ ಯಾರಿಗಾದ್ರೂ ಕಾಣೋದು, ಕೂಗಿದ್ರೆ ಕೇಳೋದು!

ಇದು ಅತ್ತೆ ವಯಸ್ಸಿನೋರ ಪಾಡಾಯ್ತು. ಸೊಸೆ ವಯಸ್ಸಿನೋರದ್ದು ಇನ್ನೂ ಬಿಗಿ. ಗಂಡ ಕೆಲಸಕ್ಕೆ ಹೋಗಿರ್ತಾನೆ, ಆ್ಯಪು ಅವನ ಫೋನಲ್ಲಿರ್ತದೆ, ಅವರಪ್ಪನ ಫೋನಲ್ಲೂ ಇರ್ತದೆ, ನಾದಿನಿ ಫೋನಲ್ಲೂ ಇರ್ತದೆ. ಮನೇಲಿರೋಳ ಫೋನಲ್ಲಿ ಮಾತ್ರ ಇರಲ್ಲ. ಅವಳು ಬಾಗಿಲು ತೆರೆದದ್ದು ಮುಚ್ಚಿದ್ದು ಮೂರು ಊರಿನೋರಿಗೆ ಗೊತ್ತು. ಅವರು ನೋಡ್ತವ್ರೆ ಅಂತ ಅವಳಿಗೊಬ್ಬಳಿಗೇ ಗೊತ್ತಿಲ್ಲ. ಹಿಂದೆ ಬೀದಿ ತುದೀಲಿ ಕೂತು "ಅವಳು ಎಷ್ಟೊತ್ತಿಗೆ ಹೋದ್ಲು, ಎಷ್ಟೊತ್ತಿಗೆ ಬಂದ್ಲು" ಅಂತ ಲೆಕ್ಕ ಹಾಕೋರು ಇದ್ರಲ್ಲ, ಅವರನ್ನ ನಾವು ಎದುರಿಗೇ ಉಗೀತಿದ್ವಿ. ಈಗ ಅದೇ ಕೆಲಸಾನ ಯಂತ್ರ ಮಾಡಿದ್ರೆ ಭದ್ರತೆ ಅಂತಾರೆ.

ಕಾನೂನು ಕಾಪಾಡ್ತದೆ ಅಂದ್ಕಬೇಡಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಆಧಾರ್ ವಿಚಾರದಲ್ಲಿ ದಾವೆ ಹೂಡಿದ್ರು. ಅದೇ ಮೊಕದ್ದಮೇಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಡ್ತು. ಎಂಬತ್ತು ದಾಟಿದೋರಿಗೆ ಖಾಸಗಿತನ ಯಾಕೆ ಅನ್ನೋ ಹೈಕ್ಳು ಇದನ್ನ ಓದ್ಕಳ್ಳಿ. ಆದ್ರೆ ಆ ತೀರ್ಪು ಮುಖ್ಯವಾಗಿ ಸರ್ಕಾರದ ಕೈ ಹಿಡಿಯೋದು. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೇಲಿ, ಒಬ್ಬ ಮನುಷ್ಯ ತನ್ನ ಸ್ವಂತಕ್ಕೆ, ಮನೆವಾರ್ತೆಗೆ ಅಂತ ಇನ್ನೊಬ್ಬರ ಮಾಹಿತಿ ಇಟ್ಕಂಡ್ರೆ ಅದಕ್ಕೆ ಕಾಯ್ದೆ ಅನ್ವಯಿಸಲ್ಲ ಅಂತ್ಲೇ ಬರೆದವ್ರೆ. ಬೀಗದ ಕಂಪನೀನ ನೀವು ಕೇಳಬಹುದು, ಮಗನನ್ನ ಕೇಳೋಕೆ ಆ ಕಾಯ್ದೆ ನಿಮ್ಮ ಜೊತೆ ಬರಲ್ಲ. ಆ ಮಾತು ಅಡುಗೆಮನೇಲೇ ಆಗ್ಬೇಕು.

"ಹಂಗಾದ್ರೆ ಅವ್ವ ಬಿದ್ದೋದ್ರೆ? ಏನಾದ್ರೂ ಆಗೋದ್ರೆ?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ, ಅದಕ್ಕೆ ನ್ಯಾಯವಾಗೇ ಉತ್ತರ ಕೊಡಣ. ಬಾಗಿಲ ಸೆನ್ಸರಿಗೆ ಬಚ್ಚಲಲ್ಲಿ ಜಾರಿ ಬಿದ್ದದ್ದು ತಿಳಿಯಲ್ಲ. ಅದಕ್ಕೆ ತಿಳಿಯೋದು ಒಂದೇ, ದಿನಾ ಆರು ಗಂಟೆಗೆ ತೆರೆಯೋ ಬಾಗಿಲು ಇವತ್ತು ಎಂಟಾದ್ರೂ ತೆರೀಲಿಲ್ಲ ಅನ್ನೋದು. ಆ ಒಂದು ಸುದ್ದಿ ಬೇಕಾದ್ರೆ ಮಗನಿಗೆ ಹೋಗ್ಲಿ, ಅವ್ವ ಒಪ್ಪಿದ್ರೆ. ಕೆಲವು ಆ್ಯಪಿನಲ್ಲಿ ಹಂಗೆ ಮಾಡೋಕೆ ಬತ್ತದೆ. ತೆರೆಯದೇ ಇದ್ದದ್ದು ಸುದ್ದಿ, ತೆರೆದದ್ದೆಲ್ಲಾ ಸುದ್ದಿ ಅಲ್ಲ. ಮತ್ತೆ ಆ ಸುದ್ದಿ ಮೊದ್ಲು ಹೋಗ್ಬೇಕಾದ್ದು ನೂರೈವತ್ತು ಇನ್ನೂರು ಕಿಲೋಮೀಟರ್ ದೂರ ಇರೋ ಮಗನಿಗಿಂತ ಪಕ್ಕದ ಮನೆಯೋಳಿಗೆ. ಅವಳು ಎರಡು ನಿಮಿಷಕ್ಕೆ ಬಂದು ಬಾಗಿಲು ಬಡೀತಾಳೆ.

ಒಂದು ಕಡೆ ಮಾತ್ರ ನಾನು ಪೂರಾ ಸೋಲ್ತೀನಿ. ಮನೇಲಿ ಮರೆವಿನ ಕಾಯಿಲೆಯೋರು ಇದ್ದು, ರಾತ್ರಿ ಹೊತ್ತು ಎದ್ದು ತಾವು ಹುಟ್ಟಿದ ಊರಿಗೆ ಹೊರಟ್ಬುಡ್ತಾರೆ ಅಂದ್ರೆ, ಆಗ ಸೆನ್ಸರ್ ದೇವರು. ಬಾಗಿಲು ತೆರೆದ ತಕ್ಷಣ ಮನೇಲಿ ಮಲಗಿರೋರ ತಲೆದಸೀಲಿ ಕೂಗ್ಬೇಕು, ಯಾರ ಒಪ್ಪಿಗೆಗೂ ಕಾಯೋ ಮಾತಿಲ್ಲ. ಅಂಥ ಮನೇಲಿ ಸರಿರಾತ್ರೀಲಿ ಸೊಸೇರು ನಾಲೆ ಏರಿ ಮೇಲೆ ಹುಡುಕ್ಕಂಡು ಓಡೋ ಪಾಡು ಯಾರಿಗೂ ಬೇಡ. ಆದ್ರೆ ನೆಟ್ಟಗೆ ಲೆಕ್ಕ ಹಾಕೋ, ಡೈರಿ ಚೀಟಿ ಓದೋ, ಹೊಗೆಸೊಪ್ಪಿನ ಗ್ರೇಡು ಕಣ್ಣಳತೇಲಿ ಹೇಳೋ ಹೆಂಗಸನ್ನೂ ಅದೇ ಲೆಕ್ಕಕ್ಕೆ ಸೇರಿಸೋದು ಯಾವ ನ್ಯಾಯ?

ಹೊಗೆಸೊಪ್ಪು ಅಂದ ಮೇಲೆ ಅದೂ ಒಂದು ಮಾತು ಹೇಳ್ಬುಡ್ತೀನಿ. ಬ್ಯಾರನ್ನಿಗೆ ಸೊಪ್ಪು ಏರಿಸಿದ್ಮೇಲೆ ನಾಲ್ಕೈದು ದಿನ ರಾತ್ರಿ ಹಗಲು ಬೆಂಕಿ. ಹಸಿರು ಹೋಗಿ ಹಳದಿ ಆಗೋವಾಗ ನೂರು ಡಿಗ್ರಿ ಆಸುಪಾಸು, ಕೊನೇಗೆ ಕಡ್ಡಿ ಒಣಗೋವಾಗ ನೂರರವತ್ತರವರೆಗೂ ಏರಿಸ್ಬೇಕು. ಥರ್ಮಾಮೀಟರ್ ನೋಡೋರು ಯಾರು? ಒಲೆ ಮುಂದೆ ಸೌದೆ ಇಡ್ತಾ ಕೂತೋರು. ಬಾಗಿಲು ತೆರೆಯದೇನೇ ಪುಟ್ಟ ಕಿಂಡೀಲಿ ನೋಡ್ತಾರೆ, ಹೆಚ್ಚಾದ್ರೆ ಬೆಂಕಿ ಎಳೀತಾರೆ, ಕಮ್ಮಿಯಾದ್ರೆ ಕೂಡಿಸ್ತಾರೆ. ಆ ಡಿಗ್ರೀನ ಹರಾಜು ಮಾರುಕಟ್ಟೇಲಿ ಕೂತಿರೋನಿಗೆ ಕಳಿಸಿ, ಅವನು ಫೋನ್ ಮಾಡಿ "ಈಗ ಒಂದು ಸೌದೆ ಹಾಕು" ಅಂದ್ರೆ ಸೊಪ್ಪು ಉಳೀತದಾ? ಅಳತೆ ಯಾರ ಕೈ ಕೆಲಸಕ್ಕೋ ಅವರ ಕಣ್ಣಿಗೆ ಕಾಣ್ಬೇಕು. ಬಾಗಿಲು ತೆರೆದದೆ ಅಂತ ಬೆಂಗಳೂರಿಗೆ ಗೊತ್ತಾದ್ರೆ ಬೆಂಗಳೂರು ಎದ್ದು ಬಂದು ಮುಚ್ಚಲ್ಲ, ಅವ್ವನಿಗೇ ಫೋನ್ ಮಾಡ್ತದೆ. ಆ ಸುದ್ದೀನ ನೇರವಾಗಿ ಅವ್ವನಿಗೇ ಹೇಳ್ಬಾರ್ದಾ?

ಫೋನೇ ಬೇಕು ಅಂತಾನೂ ಇಲ್ಲ. ಎಷ್ಟೋ ಅವ್ವಂದಿರು ಫೋನನ್ನ ದೇವರ ಕೋಣೆ ಗೂಡಲ್ಲಿ ಮಡಗಿ ಹಿತ್ತಿಲಿಗೆ ಹೋಯ್ತಾರೆ. ಅವರಿಗೆ ಮನೆಯೊಳಗೇ ಕೂಗೋ ಗಂಟೆ ಇರ್ಲಿ. ರಾತ್ರಿ ಹತ್ತರಿಂದ ಬೆಳಗಿನ ಜಾವ ಐದರವರೆಗೆ ಮಾತ್ರ ಕೂಗೋ ಹಂಗೆ ಮಾಡ್ಸಿ, ಹಗಲೊತ್ತು ಬಾಯಿ ಮುಚ್ಚಿಸಿ. ವಿಶೇಷವಾಗಿ ದೀಪ ಹಚ್ಚೋ ಹೊತ್ತಲ್ಲಿ. ಹಿತ್ತಿಲ ಬಾಗಿಲು ಮುಚ್ಚಿ, ಮುಂಬಾಗಿಲು ತೆರೆದು, ಲಕ್ಷ್ಮಿ ಬರ್ಲಿ ಅಂತ ಹೊಸ್ಲಿಗೆ ದೀಪ ಇಡೋ ಗಳಿಗೇಲಿ "ಬಾಗಿಲು ಹತ್ತು ನಿಮಿಷದಿಂದ ತೆರೆದಿದೆ" ಅಂತ ಅದು ಅರಚ್ಕಂಡ್ರೆ ಲಕ್ಷ್ಮಿ ಅಲ್ಲ, ಬೆಕ್ಕೂ ಒಳಕ್ಕೆ ಬರಲ್ಲ.

ಇನ್ನು ಬೆರಳಿನ ಕಥೆ. ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿರೋ ಹೆಂಗಸರಿಗೆ ನಾನೇನು ಹೊಸದಾಗಿ ಹೇಳ್ಬೇಕಾಗಿಲ್ಲ. ಸೊಪ್ಪು ಮುರಿಯೋ ಕಾಲದಲ್ಲಿ ಅಂಟು ಕೈಗೆ ಹಿಡಿದು ಕರ್ರಗೆ ಕೂತಿರ್ತದೆ, ಪಾತ್ರೆ ತಿಕ್ಕಿ ಬಟ್ಟೆ ಕುಕ್ಕಿ ಬೆರಳ ಗೆರೇನೇ ಸವೆದಿರ್ತದೆ. ಬೀಗ ತೆಗೀದಿದ್ರೆ ಅವಳು ಏನು ಮಾಡ್ತಾಳೆ? ಬಾಗಿಲಿಗೊಂದು ಕಲ್ಲು ಕೊಟ್ಟು ತೆರೆದೇ ಬುಟ್ಟು ಹಿತ್ತಿಲಿಗೆ ಹೋಯ್ತಾಳೆ. ಆಗ ಸೆನ್ಸರ್ ಅವಳ ಮೇಲೆ ಚಾಡಿ ಹೇಳ್ತದೆ. ತಪ್ಪು ಬೀಗದ್ದು, ಬೈಗುಳ ಅವಳಿಗೆ. ಅದಕ್ಕೆ ನಂಬರ್ ಒತ್ತೋದೂ ಇರ್ಬೇಕು, ಲೋಹದ ಬೀಗದ ಕೈಯೂ ಇರ್ಬೇಕು. ಆ ಕೈ ಒಂದು ನಿಮ್ಮ ಹತ್ರ, ಒಂದು ನಂಬಿಕೆಯ ನೆರೆಮನೇಲಿ.

ಸೆಲ್ಲಿನ ಮಾತು ಬೇಗ ಮುಗಿಸ್ತೀನಿ. ಬೀಗಕ್ಕೆ ಟಿವಿ ರಿಮೋಟಿನಂಥ ಸೆಲ್ಲು ನಾಲ್ಕೋ ಎಂಟೋ ಬೇಕು, ಸೆನ್ಸರಿಗೆ ಹೆಚ್ಚಾಗಿ ನಾಣ್ಯದಂಥ ಒಂದು ಸೆಲ್ಲು. ಬೀಗದ ಸೆಲ್ಲು ಸತ್ರೆ ಹೊರಗಡೆಯಿಂದ ಕರೆಂಟು ಕೊಡೋ ಜಾಗ ಇರ್ತದೆ, ಎಲ್ಲಿ ಅಂತ ಹಾಕೋ ದಿನವೇ ತೋರಿಸ್ಕಳ್ಳಿ. ಸೆನ್ಸರ್ ಸೆಲ್ಲು ಸತ್ರೆ ಕೆಲವು ಆ್ಯಪು ಕೊನೇಗೆ ಕಂಡದ್ದನ್ನೇ ತೋರಿಸ್ಕಂಡು ಕೂತಿರ್ತವೆ, ನಿಂತೋದ ಗಡಿಯಾರದ ಹಂಗೆ. ನಮ್ಮ ಕಡೆ ಕರೆಂಟು ಹೋದ್ರೆ ವೈಫೈ ಹೋಯ್ತದೆ. ಬೀಗ, ಮನೇ ಗಂಟೆ ತಮ್ಮ ಸೆಲ್ಲಲ್ಲಿ ನಡೀತವೆ, ಬೆಂಗಳೂರಿಗೆ ಹೋಗೋ ಸುದ್ದಿ ಮಾತ್ರ ನಿಲ್ತದೆ. ಮಳೆ, ಕತ್ತಲೆ, ಗಾಳಿ, ಅಂದ್ರೆ ಮಗ ಎಲ್ಲಕ್ಕಿಂತ ಹೆಚ್ಚು ಹೆದರೋ ರಾತ್ರೀಲೇ ಅವನ ಫೋನಿಗೆ ಏನೂ ಬರಲ್ಲ. ಇದನ್ನ ಅವನಿಗೆ ಮೊದ್ಲೇ ಹೇಳ್ಬುಡಿ. ಮನೇಲಿರೋಳ ಕಿವಿಗೆ ಬೀಳೋ ಗಂಟೇನೇ ಯಾಕೆ ಮುಖ್ಯ ಅಂತ ಆಗ ಅವನಿಗೂ ತಿಳೀತದೆ.

ಕೊನೇಗೆ ಇದೆಲ್ಲಾ ತೀರ್ಮಾನ ಆಗೋದು ಎಲ್ಲಿ ಗೊತ್ತಾ? ಬೀಗ ಹಾಕೋಕೆ ಬಂದ ಹುಡುಗ ಡ್ರಿಲ್ಲಿಂಗ್ ಮಿಷನ್ ಕೆಳಗಿಟ್ಟು ಫೋನ್ ಕೈಗೆ ತಕ್ಕಳೋ ಗಳಿಗೇಲಿ. ಯಾವ ಫೋನಿನಲ್ಲಿ ಮೊದ್ಲು ನೋಂದಣಿ ಆಯ್ತದೋ ಅವರೇ ಆ ಬೀಗಕ್ಕೆ ಯಜಮಾನರು. ಯಾರನ್ನ ಸೇರಿಸ್ಬೇಕು, ಯಾರನ್ನ ತೆಗೀಬೇಕು, ಯಾರಿಗೆ ಬಾಗಿಲ ಪಟ್ಟಿ ಕಾಣ್ಬೇಕು, ಎಲ್ಲಾ ಅವರ ಕೈಲಿ. ಉಳಿದೋರು ಅತಿಥಿಗಳು. ಸಾಮಾನ್ಯವಾಗಿ ಮಗ ಅಲ್ಲೇ ನಿಂತಿರ್ತಾನೆ, ತನ್ನ ನಂಬರ್ ಕೊಟ್ಬುಡ್ತಾನೆ, ಅವ್ವನಿಗೆ ಬೆರಳು ಮಾತ್ರ ಒತ್ತೋಕೆ ಹೇಳ್ತಾನೆ. ಆಯಮ್ಮ ತನ್ನ ಮನೇಗೇ ಅತಿಥಿ ಆಗೋಯ್ತಾಳೆ.

ಅದಕ್ಕೆ ಅವತ್ತು ಅಡುಗೆಮನೇಲಿ ಇರ್ಬೇಡಿ, ಬಂದು ಬಾಗಿಲ ಹತ್ರ ನಿಂತ್ಕಳ್ಳಿ. ಬಾಗಿಲನ್ನ ಅರ್ಧ ತೆರೆದು ಬುಟ್ಟು ಎರಡು ನಿಮಿಷ ಕಾಯಿಸಿ, ಬೀಗ ಏನಂತದೆ ನೋಡಿ. ಹಿತ್ತಿಲ ಬಾಗಿಲಿಗೂ ಒಂದು ಹಾಕಪ್ಪ ಅನ್ನಿ. ಹುಡುಗ "ಯಾರ ನಂಬರ್ ಹಾಕ್ಲಿ ಅಮ್ಮಾ" ಅಂತ ಕೇಳ್ತಾನೆ. ನಂದೇ ಹಾಕು ಅನ್ನಿ. 'ಓಟಿಪಿ' ನಿಮ್ಮ ಫೋನಿಗೆ ಬಂದು, ನೀವೇ ಅದನ್ನ ಓದಿ ಹೇಳಿ, ನಿಮ್ಮ ಹೆಸರು ಪರದೆ ಮೇಲೆ ಬರೋವರೆಗೂ ಅವನಿಗೆ ಕಾಫಿ ಕೊಡ್ಬೇಡಿ.